ಮಿಂಚುಳ್ಳಿಗೆ ಗದ್ದ ಎತ್ತು ಎಂದವನು

ಹೊಳೆನರಸೀಪುರದ ಮದುವೆ ಫೋಟೋಗ್ರಾಫರ್ ಮನೋಹರನಿಗೆ ಆರು ತಿಂಗಳಿಂದ ಒಂದೇ ಹುಚ್ಚು: ಹಾರುವ ಮಿಂಚುಳ್ಳಿಯ ಒಂದು ಚಿತ್ರ, ಮಸುಕಾಗದೆ ಸಿಗಬೇಕು. ಹಾಸನದ ಅಂಗಡಿಯವರು ಎರಡು ಲೆನ್ಸ್ ಕೊಟ್ಟು, "ನೋಡ್ಬುಟ್ಟು ಒಂದು ಇಟ್ಕಳಿ ಸಾ" ಎಂದಿದ್ದರು.

ಬೆಳಗಿನ ಮಬ್ಬಿನಲ್ಲೇ ಹೆಂಡತಿ ಸಂಘಮಿತ್ರಾಳನ್ನು ಕರೆದುಕೊಂಡು ಬಂದು ಹೇಮಾವತಿ ದಡದಲ್ಲಿ ಕೂತ. ಉದ್ದನೆಯ ಲೆನ್ಸು ಹಕ್ಕಿಯನ್ನು ಮೂಗಿನ ತುದಿಗೇ ತಂದಿತು. ಆದರೆ ಬೆಳಕು ಸಾಲದೆ ರೆಕ್ಕೆಯೆಲ್ಲ ಕಲಸಿದ ನೀಲಿಯಾಯಿತು. ಇನ್ನೊಂದು ಅಷ್ಟು ದೂರ ಎಟುಕದು, ಕುಂಬಳಕಾಯಿ ಭಾರ ಬೇರೆ, ಆದರೆ ಅಗಲ ಬಾಯಿಯಲ್ಲಿ ಬೆಳಕನ್ನು ಗಟಗಟ ಕುಡಿಯುತ್ತಿತ್ತು. ಅದನ್ನು ಹಿಡಿದದ್ದೇ ತಡ, ಮೀನು ಕಚ್ಚಿದ ಮಿಂಚುಳ್ಳಿಯೊಂದು ಎದುರಿನ ಬಂಡೆಯ ಮೇಲೆ ಬಂದು ಕೂತಿತು. ಮನೋಹರ ಮೈಮರೆತ. ಇಪ್ಪತ್ತು ವರ್ಷದ ಅಭ್ಯಾಸ, ಬಾಯಿ ತಾನಾಗಿ ಕೂಗಿತು: "ಸ್ವಲ್ಪ ಗದ್ದ ಎತ್ತಮ್ಮಾ, ಇಲ್ಲಿ ನೋಡು!"

ಹಕ್ಕಿ ಹೆದರಿ ಪುರ್ರನೆ ಹಾರಿತು. ಅದು ಹಾರುತ್ತಿದ್ದಂತೆಯೇ ಬೆರಳೂ ತಾನಾಗಿ ಒತ್ತಿಬಿಟ್ಟಿತು.

"ಅಯ್ಯೋ, ಅದೇನು ಮದ್ವೆ ಎಣ್ಣೇನ್ರೀ?" ಸಂಘಮಿತ್ರಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮನೋಹರ ಕ್ಯಾಮೆರಾದ ಪರದೆ ನೋಡಿದ. ಹಾರುವ ಹಕ್ಕಿಯ ಒಂದೊಂದು ಗರಿಯನ್ನೂ ಎಣಿಸುವ ಹಾಗಿತ್ತು. ಮೀನಿನಿಂದ ಉದುರಿದ ಹನಿಗಳು ಕೂಡ ಗಾಳಿಯಲ್ಲಿ ನಿಂತಿದ್ದವು.

"ಇದೇ ಕಣೇ! ಇದೇ ಲೆನ್ಸ್ ಬೇಕು!" ಎಂದು ಮರಳಲ್ಲೇ ಕುಣಿದ.

"ತಗಳಿ, ತಗಳಿ," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತ. "ನಾಳೆ ಛತ್ರದಿಂದ ಎಣ್ಣು ಓಡೋದ್ರೂ ನಿಮ್ಗೆ ಫೋಟೋ ಸಿಗ್ತದೆ."