ಅಂಕ ಹಾಕುವವರು ಮಾತಾಡಬಾರದು

ವಾರ್ಡಿನ ಆಯಾ ಏನೋ ಹೇಳಲು ಎರಡನೇ ಸಲ ಬಾಯಿ ತೆರೆದಳು. ಸಭೆ ನಡೆಸುತ್ತಿದ್ದ ತರಬೇತಿ ಡಾಕ್ಟರ್ ಹುಡುಗ ಗಡಿಯಾರ ನೋಡಿ ಮುಂದಿನ ರೋಗಿಯ ಮಾತೆತ್ತಿದ. ಬಾಗಿಲ ಬಳಿ ನಿಂತಿದ್ದ ಅವಳು ಸುಮ್ಮನಾದಳು.

ಮೂಲೆಯ ಕುರ್ಚಿಯಿಂದ ಹಿರಿಯ ಡಾಕ್ಟರು ಅದನ್ನು ನೋಡಿದರು. ಬೆಳಗಿನ ವಾರ್ಡ್ ಸಭೆಯನ್ನು ಹುಡುಗ ಹೇಗೆ ನಡೆಸುತ್ತಾನೆಂದು ಅಂಕ ಹಾಕುವುದು ಅವತ್ತು ಅವರ ಕೆಲಸ. ಸಭೆ ಮುಗಿಯುವ ತನಕ ಅಂಕ ಹಾಕುವವರು ತುಟಿ ಬಿಚ್ಚಬಾರದು ಎಂಬುದು ನಿಯಮ. ಅವರಿಗೋ ಮೂಗಿನ ತುದಿಯಲ್ಲೇ ಸಿಟ್ಟು. ಹೋದ ವಾರ ಒಬ್ಬ ಹುಡುಗಿಯ ಸಭೆಯಲ್ಲಿ ನಡುವೆ ಬಾಯಿ ಹಾಕಿ ಗದರಿದ್ದಕ್ಕೆ ಪರೀಕ್ಷೆಯೇ ರದ್ದಾಗಿತ್ತು. ಈ ಸಲ ಬಾಯಿಗೆ ಪ್ಲಾಸ್ಟರ್ ಅಂಟಿಸಲೇ ಎಂದು ಹೆಡ್ ನರ್ಸ್ ಬೆಳಿಗ್ಗೆಯೇ ಚುಚ್ಚಿದ್ದಳು. ಅದಕ್ಕೇ ಅವರು ಹಲ್ಲು ಕಚ್ಚಿಕೊಂಡು, ಹಾಳೆಯಲ್ಲಿ 'ಎಲ್ಲರ ಮಾತನ್ನೂ ಕೇಳಿದರೇ?' ಎಂಬುದರ ಮುಂದೆ 'ಇಲ್ಲ' ಎಂದು ಬರೆದರು. ಹುಡುಗನ ತಪ್ಪು ಕೈಗೆ ಸಿಕ್ಕಿತೆಂದು ಒಳಗೊಳಗೇ ಖುಷಿಯೂ ಆಯಿತು.

ಮಿಕ್ಕಿದ್ದಕ್ಕೆಲ್ಲ ಹುಡುಗ ಒಳ್ಳೆಯ ಅಂಕವನ್ನೇ ಗಿಟ್ಟಿಸಿದ. ಹೊಟ್ಟೆಯ ಆಪರೇಷನ್ ಆಗಿ ಐದು ದಿನವಾಗಿದ್ದ ಆರನೇ ಮಂಚದ ಬಡಗಿಯನ್ನು ಊಟವಾದ ಮೇಲೆ ಮನೆಗೆ ಕಳಿಸುವುದೆಂದು ತೀರ್ಮಾನವಾಯಿತು. ಹೇಳಿದ ಹೊತ್ತಿಗೆ ಸರಿಯಾಗಿ ಸಭೆ ಮುಗಿಯಿತು. ಅಷ್ಟರಲ್ಲಿ ಹಿರಿಯರಿಗೆ ಆಪರೇಷನ್ ಕೋಣೆಯಿಂದ ಕರೆ ಬಂತು. ಆಯಾಳ ವಿಷಯ ಮರೆತೇಹೋಯಿತು.

ಮಧ್ಯಾಹ್ನ ಬಡಗಿ ರಕ್ತ ಕಾರಿಕೊಂಡ. ಡಾಕ್ಟರಿಬ್ಬರೂ ಓಡಿಬಂದು, ರಕ್ತ ಏರಿಸಿ, ಎದೆ ಒತ್ತಿ, ಮುಕ್ಕಾಲು ಗಂಟೆ ಹೆಣಗಿದರು. ಉಳಿಯಲಿಲ್ಲ.

ಹಾಸಿಗೆಯ ಬಟ್ಟೆ ತೆಗೆಯಲು ಬಂದ ಆಯಾಳನ್ನು, ಬೆಳಿಗ್ಗೆ ಏನು ಹೇಳಲು ಹೊರಟಿದ್ದೆ ಎಂದು ಹಿರಿಯರು ಕೇಳಿದರು. ಅವಳು ಬಟ್ಟೆಯ ಗಂಟನ್ನು ಎದೆಗವಚಿಕೊಂಡು ನಿಂತಳು.

"ಮುಂಜಾನೆ ಬಟ್ಟೆ ಬದಲಿಸುವಾಗ ಇವ್ರ ಮಲ ಡಾಂಬರಿನ ಹಾಗೆ ಕಪ್ಪಗಿತ್ತು ಸಾರ್, ಒಳಗೆ ರಕ್ತ ಸೋರಿದ್ರೆ ಹಾಗಾಗುತ್ತಲ್ಲ. ಯಾರಿಗೂ ಹೇಳ್ಬೇಡ ತಾಯಿ, ಮನೆಗೆ ಬಿಡಲ್ಲ ಅಂತ ಕೈ ಹಿಡ್ಕೊಂಡ್ರು. ಆದ್ರೂ ಹೇಳೋಣ ಅಂತ್ಲೇ ಬಂದೆ. ನೀವು ನನ್ನ ಮುಖ ನೋಡಿ ಏನೋ ಬರ್ಕೊಂಡ್ರಲ್ಲ, ನಿಮಗಾಗ್ಲೇ ಗೊತ್ತಿದೆ ಅಂದ್ಕೊಂಡೆ."

ಹಿರಿಯರು ಕೈ ತೊಳೆಯುವ ನಲ್ಲಿ ತಿರುಗಿಸಿದರು. ನೀರು ಸುರಿಯುತ್ತಲೇ ಇತ್ತು, ಅವರು ಕೈ ಒಡ್ಡಲಿಲ್ಲ.

"ನಂದೇ ತಪ್ಪು ಸಾರ್," ಎಂದ ಹುಡುಗ. "ಈ ಅಮ್ಮನ್ನ ಏನು ಅಂತ ನಾನು ಕೇಳ್ಬೇಕಿತ್ತು."

"ನೀನು ನೋಡ್ಲಿಲ್ಲ ಕಣಪ್ಪಾ," ಎಂದರು ಹಿರಿಯರು. ಅವರ ದನಿ ಅಷ್ಟು ತಗ್ಗಿದ್ದನ್ನು ವಾರ್ಡಿನಲ್ಲಿ ಯಾರೂ ಕೇಳಿರಲಿಲ್ಲ. "ನಾನು ನೋಡಿದ್ದೆ."

ಮನೆಯವರಿಗೆ ತಿಳಿಸಬೇಕಿತ್ತು. ಹುಡುಗ ತಾನೇ ಹೋಗುತ್ತೇನೆಂದ. ಹಿರಿಯರು ಒಪ್ಪದೆ ಅವನ ಜೊತೆಗೇ ಹೊರಟರು.

ಅಪ್ಪನನ್ನು ಕರೆದೊಯ್ಯಲು ಬಾಡಿಗೆ ಕಾರು ಗೊತ್ತುಮಾಡಿ ಆಗಷ್ಟೇ ಬಂದಿದ್ದ ಬಡಗಿಯ ಮಗಳು, ಹೊರಗಿನ ಬೆಂಚಿನ ಮೇಲೆ ಕೂತು ಅವನ ಚಪ್ಪಲಿಯ ಧೂಳು ಒರೆಸುತ್ತಿದ್ದಳು. ಇಬ್ಬರು ಡಾಕ್ಟರು ಒಟ್ಟಿಗೆ ಬರುವುದನ್ನು ಕಂಡು ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕಕ್ಕೆ ಸರಿದು ಅವರಿಗೆ ಜಾಗ ಮಾಡಿಕೊಟ್ಟಳು.