ಕಾರ್ಡಿನ ಕೆಲಸ

ನಾನು ಸುಳ್ಳು ಹೇಳಿರಲಿಲ್ಲ. ೨೦೦೫ರಲ್ಲಿ ಅತ್ತೆ ಕಲ್ಯಾಣದುರ್ಗದಿಂದ ಫೋನ್ ಮಾಡಿ, "ಮನ್ಯಾಗೆ ಕುಂತು ಕಂಪ್ಯೂಟ್ರಾಗೆ ಅದೇನ್ ಮಾಡ್ತೀಯಮ್ಮ?" ಎಂದು ಕೇಳಿದ್ದರು. "ಕಾರ್ಡಿನ ಕೆಲಸ ಮಾಡುತ್ತೇನೆ ಅತ್ತೆ" ಎಂದಿದ್ದೆ. ಒಂದೊಂದು ಪದವೂ ನಿಜ.

ಆದರೆ ಅವರದು ನೇಕಾರರ ಮನೆ. ಅಲ್ಲಿ ಕಾರ್ಡು ಎಂದರೆ ಒಂದೇ: ಸೀರೆಯ ಅಂಚಿಗೆ, ಸೆರಗಿಗೆ ಹೂಬಳ್ಳಿ ಮೂಡಿಸಲು ಮಗ್ಗದ ಮೇಲೆ ಏರಿಸುವ, ಸಾಲಾಗಿ ತೂತು ಹೊಡೆದ ರಟ್ಟಿನ ಪಟ್ಟಿ. ನಾವಿರುವ ಹಿಂದೂಪುರದಲ್ಲಿ ಆಗ ಆ ತೂತುಗಳನ್ನು ಕಂಪ್ಯೂಟರಿನಲ್ಲೇ ಗುರುತಿಸಿ ಕೊಡುವವರು ಇದ್ದರು. ಸೊಸೆ ಸೀರೆಯ ಡಿಸೈನ್ ಮಾಡುತ್ತಾಳೆ ಎಂದು ಅತ್ತೆ ಬನಶಂಕರಮ್ಮ ತಿಳಿದುಕೊಂಡರು. ಮಾವ ಸೀತಾರಾಮಪ್ಪ ಅದನ್ನು ಬೀದಿಗೆಲ್ಲ ಹೇಳಿಕೊಂಡು ಬಂದರು. ನಾನು ತಿದ್ದಲಿಲ್ಲ.

ನನ್ನ ಕಾರ್ಡುಗಳು ಐವತ್ತೆರಡು. ಮಗಳು ರಮ್ಯಾ ಶಾಲೆಗೆ, ಗಂಡ ಓಬುಳೇಶ್ ತಾನು ಪಾಠ ಹೇಳುವ ಕಾಲೇಜಿಗೆ ಹೊರಟ ಮೇಲೆ, ಬೆಳಿಗ್ಗೆ ಹತ್ತರಿಂದ ಒಂದೂವರೆಯವರೆಗೆ ನಾನು ಇಂಟರ್ನೆಟ್ಟಿನಲ್ಲಿ ಪೋಕರ್ ಎಂಬ ಇಸ್ಪೀಟಾಟ ಆಡುತ್ತಿದ್ದೆ. ಮುಖ ಕಾಣದ, ಊರು ಗೊತ್ತಿಲ್ಲದ ಜನರ ಜೊತೆ, ದುಡ್ಡು ಕಟ್ಟಿಯೇ. ಮನೆ ಬಾಡಿಗೆಯೂ ರಮ್ಯಾಳ ಶಾಲೆಯೂ ಅದರಿಂದಲೇ ನಡೆಯುತ್ತಿದ್ದವು. ಕರೆಂಟು ಹೋದರೆ ಆಟ ಅರ್ಧಕ್ಕೆ ನಿಲ್ಲಬಾರದೆಂದು ಮೊದಲ ಗೆಲುವಿನಲ್ಲಿ ಕೊಂಡದ್ದು ಇನ್ವರ್ಟರು.

ನನ್ನಂಥವಳಿಗೆ ಈ ಆಟ ಹೇಗೆ ಒಗ್ಗಿತು ಎಂದು ಓಬುಳೇಶ್‌ಗೆ ಇವತ್ತಿಗೂ ಆಶ್ಚರ್ಯ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಂಡಿನಿಂದ ವಾಪಸು ಬಂದು ನೋಡುವವಳು ನಾನು. ಆದರೆ ಭಯವಿರುವವರಿಗೇ ಇದು ಒಗ್ಗುವುದು. ಹತ್ತು ಸಲ ಎಲೆ ಬಂದರೆ ಎಂಟು ಸಲ ನಾನು ಆಡದೆ ಬಿಟ್ಟುಬಿಡುತ್ತೇನೆ. ಧೈರ್ಯವಂತರು ಹತ್ತಕ್ಕೆ ಹತ್ತೂ ಆಡಿ ಬರಿಗೈಯಲ್ಲಿ ಏಳುತ್ತಾರೆ.

ಈ ಬಿಡುವುದರ ಬಗ್ಗೆಯೇ ಕನ್ನಡದಲ್ಲಿ ಒಂದು ಬ್ಲಾಗ್ ಬರೆಯುತ್ತಿದ್ದೆ. ಅದರ ಹೆಸರು 'ಕೈ ಬಿಟ್ಟೆ'. ನನ್ನ ಹೆಸರು ಎಲ್ಲಿಯೂ ಹಾಕಿರಲಿಲ್ಲವಾದ್ದರಿಂದ ಓದುಗರು ನನ್ನನ್ನು ಗಂಡಸೆಂದೇ ತಿಳಿದು "ಸಾರ್" ಎಂದು ಬರೆಯುತ್ತಿದ್ದರು. ಅವರ ಪ್ರಶ್ನೆಗಳಿಗೆ ಗುರುವಾರ ಉತ್ತರ. "ಸಾರ್, ಸೋತ ದಿನ ಏನು ಮಾಡುತ್ತೀರಿ?" ಎಂದು ಒಬ್ಬರು ಕೇಳಿದ್ದರು. ಬೇಳೆಗೆ ಒಗ್ಗರಣೆ ಹಾಕುತ್ತೇನೆ, ಗೆದ್ದ ದಿನವೂ ಅದನ್ನೇ ಮಾಡುತ್ತೇನೆ ಎಂದು ಬರೆದಿದ್ದೆ. ನಡುನಡುವೆ ಮನೆಯ ವಿಷಯವೂ ಬರುತ್ತಿತ್ತು. ಮಗಳು ಗುಲಾಮನ ಎಲೆಯನ್ನು ಲೆಕ್ಕದ ಪುಸ್ತಕದೊಳಗೆ ಗುರುತಿಗೆ ಇಟ್ಟುಕೊಂಡು ಹೋಗಿ, ಮಿಸ್ ನನ್ನನ್ನು ಶಾಲೆಗೆ ಕರೆಸಿದ ಕತೆಗೆ ಬಂದಷ್ಟು ಪತ್ರ ಬೇರೆ ಯಾವುದಕ್ಕೂ ಬಂದಿರಲಿಲ್ಲ.

೨೦೦೮ರಲ್ಲಿ 'ಕಲ್ಯಾಣಿ' ಎಂಬ ಹೊಸ ಓದುಗರೊಬ್ಬರು ಸೇರಿದರು. ಮೊದಲನೆಯ ಪ್ರಶ್ನೆ: "ಎದುರಿಗಿರುವವರು ಸುಳ್ಳು ಆಡುತ್ತಿದ್ದರೆ ಹೇಗೆ ಗೊತ್ತಾಗುತ್ತದೆ ಸಾರ್?"

ಒಳ್ಳೆಯ ಪ್ರಶ್ನೆ. ನಾನು ಉತ್ಸಾಹದಿಂದ ಒಂದು ಪುಟ ಬರೆದೆ. ನನಗೆ ಗೊತ್ತಿರುವ ಹಿರಿಯರೊಬ್ಬರು ವರ್ಷಕ್ಕೊಮ್ಮೆ ಮಂಡಿಗೆ ಬಂದು ಹುಣಸೆಹಣ್ಣು ಕೊಳ್ಳುತ್ತಾರೆ. ಅವರ ಮುಖದಲ್ಲಿ ಏನೂ ಕಾಣದು. ಆದರೆ "ಆಚೆ ಅಂಗಡೀಲಿ ಇನ್ನೂ ಕಮ್ಮಿಗೆ ಕೊಡ್ತಾರೆ" ಎನ್ನುವಾಗ ಬಲಗೈ ಬೆರಳು ತಾನಾಗಿ ಮೂಗುಬೊಟ್ಟಿಗೆ ಹೋಗುತ್ತದೆ. ನಿಜ ಹೇಳುವಾಗ ಕೈ ಮಡಿಲಲ್ಲೇ ಇರುತ್ತದೆ. ನೀವೂ ಎದುರಿನವರ ಮೂಗುಬೊಟ್ಟು ಎಲ್ಲಿದೆ ಎಂದು ಹುಡುಕಿ. ಹೀಗೆ ಬರೆದೆ. ಓದುಗರು ಮೆಚ್ಚಿಕೊಂಡರು. ಆ ಹಿರಿಯರು ನನ್ನ ಅತ್ತೆ ಎಂದು ಯಾರಿಗೆ ತಿಳಿಯಬೇಕು?

ಕಲ್ಯಾಣಿಯ ಎರಡನೆಯ ಪ್ರಶ್ನೆ: "ಮನೆಯವರಿಗೆ ಮುಚ್ಚಿಟ್ಟು ಆಡಬಹುದೇ ಸಾರ್?" ನಾನು ಒಂದೇ ಸಾಲು ಬರೆದೆ: "ಆಡಬಾರದು." ಬರೆದು, ಎದ್ದು ಹೋಗಿ, ಗ್ಯಾಸ್ ಆರಿದೆಯೇ ಎಂದು ನೋಡಿದೆ.

ಅದಾದ ವಾರಕ್ಕೆ ಅತ್ತೆಯ ಫೋನ್ ಬಂತು.

"ವೇಣೀ, ತನುಜಾನ್ ಮದ್ವೆ ವೈಶಾಖಕ್ಕೆ ಅಂತ ಆಯ್ತಲ್ಲ. ಧಾರೆ ಸೀರೆ ನಾವೇ ನೇಯಿಸ್ತೀವಿ. ಕಾರ್ಡು ಮಾತ್ರ ನಿಂದೇ ಆಗ್ಬೇಕು ಕಣಮ್ಮ. ನಿಮ್ಮಾವ ಆಗ್ಲೇ ಊರ್ಗೆಲ್ಲ ಸಾರ್ಬುಟ್ಟವ್ರೆ."

ತನುಜಾ ನನ್ನ ನಾದಿನಿ. ಅವಳ ಮದುವೆಯ ಸೀರೆ! ನನಗೆ ರಂಗೋಲಿಯ ಚುಕ್ಕಿಯೇ ನೆಟ್ಟಗೆ ಬಾರದು. "ಖಂಡಿತವಾಗಿ ಪ್ರಯತ್ನಿಸುತ್ತೇನೆ ಅತ್ತೆ. ಸ್ವಲ್ಪ ಕಾಲಾವಕಾಶ ಬೇಕಾಗಬಹುದು" ಎಂದೆ.

"ಆಗ್ಲಿ ಕಣಮ್ಮ, ಕಾಲಾವಕಾಸ ತಕಾ" ಎಂದು ಫೋನ್ ಇಟ್ಟರು.

"ಯಾಕೆ, ರೇಡಿಯೋದಾಗೆ ವಾರ್ತೆ ಓದ್ದಂಗೆ ಮಾತಾಡ್ದೆ?" ಎಂದು ಓಬುಳೇಶ್ ನಕ್ಕರು.

"ನಗಬ್ಯಾಡ್ರೀ. ಮಾವಂಗೆ ಗೊತ್ತಾದ್ರೆ ಏನ್ ಗತಿ?"

ಓಬುಳೇಶ್ ನಗು ನಿಲ್ಲಿಸಿದರು. ಮಾವನ ಸೂತ್ರ ಇಬ್ಬರಿಗೂ ಗೊತ್ತಿತ್ತು: ಹುಣಸೆಬೀಜಕ್ಕೆ ಆಡಿದರೆ ಆಟ, ದುಡ್ಡಿಗೆ ಆಡಿದರೆ ಪೇಕಾಟ, ಎಂದರೆ ಅವರ ತೆಲುಗಿನಲ್ಲಿ ಜೂಜು. ಪೇಕಾಟದವರ ಮನೆಯಲ್ಲಿ ಅವರು ನೀರು ಕುಡಿಯುವುದಿಲ್ಲ. ನಮ್ಮ ಮನೆಗೆ ಬಂದಾಗಲೆಲ್ಲ ಎರಡು ಲೋಟ ಮಜ್ಜಿಗೆ ಕುಡಿದು, ಸೊಸೆಯನ್ನು ಹೊಗಳಿ ಹೋಗುತ್ತಿದ್ದರು. ಆ ಮಜ್ಜಿಗೆಯ ಲೋಟ ನನ್ನ ಕಣ್ಣ ಮುಂದೆ ಬಂತು.

"ನಾನೇ ಹೇಳ್ಲಾ?" ಎಂದರು ಓಬುಳೇಶ್.

"ಬ್ಯಾಡ. ಬಾನುವಾರ ಹೋಗಾಣ. ಮೊದ್ಲು ಅತ್ತೇಗೆ ನಾನೇ ಹೇಳ್ತೀನಿ."

ಭಾನುವಾರ ಎರಡು ಬಸ್ಸು ಬದಲಿಸಿ ಕಲ್ಯಾಣದುರ್ಗಕ್ಕೆ ಹೋದೆವು. ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ತಿದ್ದುತ್ತಿದ್ದೆ. ಮಾವ ಯಾವುದೋ ಕೆಲಸಕ್ಕೆ ಬೆಳುಗುಪ್ಪಕ್ಕೆ ಹೋಗಿದ್ದವರು ಸಂಜೆ ಬರುವುದೆಂದು ತಿಳಿದಾಗ ಅರ್ಧ ಉಸಿರು ಬಂತು. ಊಟವಾಯಿತು. ವಾಕ್ಯ ಇನ್ನೂ ಬಾಯಿಗೆ ಬಂದಿರಲಿಲ್ಲ. ಅಷ್ಟರಲ್ಲಿ ಅತ್ತೆ ಚಾಪೆ ಹಾಸಿ, ಹುಣಸೆಬೀಜದ ಡಬ್ಬಿ ಮತ್ತು ಇಸ್ಪೀಟು ಕಟ್ಟು ತಂದಿಟ್ಟರು.

"ಬಾಮ್ಮ, ಮೂರೆಲೆ ಆಡಾಣ. ನಿಂಗೆ ಬತ್ತದೋ ಇಲ್ವೋ?"

"ಅಲ್ಪಸ್ವಲ್ಪ ಬರುತ್ತದೆ ಅತ್ತೆ."

ತನುಜಾ ಕೆಮ್ಮಿದಳು. ಓಬುಳೇಶ್ ರಮ್ಯಾಳನ್ನು ಕರೆದುಕೊಂಡು ಐಸ್‌ಕ್ರೀಮ್ ಕೊಡಿಸುವ ನೆಪದಲ್ಲಿ ಹೊರಗೆ ಹೋಗಿಬಿಟ್ಟರು.

"ಸುಮ್ನೆ ಆಡಾದಲ್ಲ" ಎಂದರು ಅತ್ತೆ. "ನೀ ಗೆದ್ರೆ ಸೀರೆ ಕಾರ್ಡು ಬ್ಯಾಡ, ಅಂಗ್ಡೀಲಿ ತಕಂತೀನಿ. ನಾ ಗೆದ್ರೆ, ಒಂದ್ ಪ್ರಶ್ನೆ ಕೇಳ್ತೀನಿ, ನೆಟ್ಟಗೆ ಉತ್ರ ಹೇಳ್ಬೇಕು."

ಗೆದ್ದರೆ ಏನನ್ನೂ ಹೇಳದೆ ಪಾರಾಗಬಹುದು! ಅಷ್ಟು ದೂರ ತಿದ್ದಿಕೊಂಡು ಬಂದ ವಾಕ್ಯವನ್ನು ನಾನು ಆ ಕ್ಷಣವೇ ಕೈ ಬಿಟ್ಟೆ ಎಂದು ಒಪ್ಪಿಕೊಳ್ಳಬೇಕು.

ಮೂರು ಮೂರು ಎಲೆ ಹಂಚಿದರು. ನನಗೆ ಎರಡು ರಾಜ, ಒಂದು ಏಳು. ಕೆಟ್ಟ ಎಲೆಯಲ್ಲ. ಅತ್ತೆ ತಮ್ಮ ಎಲೆ ನೋಡಿ, ಮುಖ ಅಲುಗಿಸದೆ ಐದು ಬೀಜ ಮುಂದೆ ತಳ್ಳಿದರು. ನಾನೂ ತಳ್ಳಿದೆ. ಅವರು ಹತ್ತು ತಳ್ಳಿ, "ಬಿಟ್ಬುಡು ತಾಯಿ, ನನ್ ಹತ್ರ ದೊಡ್ ಎಲೆ ಐತೆ" ಎಂದರು. ಬಲಗೈ ಬೆರಳು ಮೆಲ್ಲನೆ ಮೇಲೆದ್ದು ಮೂಗುಬೊಟ್ಟನ್ನು ಮುಟ್ಟಿತು.

ಸುಳ್ಳು! ಏಳು ವರ್ಷದಿಂದ ನೋಡುತ್ತಿದ್ದ ಬೆರಳು. ಗ್ಯಾಸ್ ಆರಿಸಿದ್ದರ ಬಗ್ಗೆ ಇಲ್ಲದ ನಂಬಿಕೆ ನನಗೆ ಆ ಬೆರಳಿನ ಮೇಲಿತ್ತು. ನನ್ನ ಮುಂದಿದ್ದ ಬೀಜಗಳನ್ನೆಲ್ಲ ಎರಡೂ ಕೈಯಿಂದ ತಳ್ಳಿ, "ತೋರಿಸಿ" ಎಂದೆ.

ಅತ್ತೆ ಒಂದೊಂದೇ ಎಲೆ ಚಾಪೆಯ ಮೇಲೆ ಇಟ್ಟರು. ರಾಣಿ. ಇನ್ನೊಂದು ರಾಣಿ. ಮತ್ತೊಂದು ರಾಣಿ. ಮೂರೂ ಒಂದೇ ಬಂದರೆ ಅದರ ಮುಂದೆ ಎರಡು ರಾಜ ಲೆಕ್ಕಕ್ಕಿಲ್ಲ.

"ಏನಮ್ಮಾ," ಎಂದರು ಬೀಜಗಳನ್ನು ಬಳಿದುಕೊಳ್ಳುತ್ತ, "ಮೂಗುಬೊಟ್ ಮುಟ್ಕಂಡ್ರೆ ಸುಳ್ಳು ಅಂತ ಅಲ್ವಾ ನೀ ಬರ್ದಿರಾದು?"

ತನುಜಾ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. "ಅತ್ತಿಗೇ, ಕಲ್ಯಾಣಿ ಅಂದ್ರೆ ನಾವೇ. ಪ್ರಶ್ನೆ ಅಮ್ಮಂದು, ಟೈಪಿಂಗ್ ನಂದು. ಇಂಟರ್ನೆಟ್ ಸೆಂಟರ್‌ನಾಗೆ ಏನೋ ಓದ್ತಿದ್ದೆ, ಗುಲಾಮನ್ ಎಲೆ ಶಾಲೇಗ್ ತಕಂಡ್ ಹೋದ ಮಗೀನ್ ಕತೆ ಸಿಕ್ತು. ಅದನ್ನ ರಮ್ಯಾ ನಂಗೆ ಯಾವಾಗ್ಲೋ ಹೇಳಿದ್ಲು!"

"ಹಂಗಾದ್ರೆ ಸೀರೆ?" ಎಂದೆ.

"ಎಷ್ಟ್ ದಿನ ಗುಟ್ಟು ಹಿಡ್ಕಂಡಿರ್ತೀಯ ನೋಡಾಣ ಅಂತ" ಎಂದರು ಅತ್ತೆ. ಆಮೇಲೆ ಅವರ ದನಿ ತಗ್ಗಿತು. "ನೀ ಎಲೆ ಆಡು, ಬಿಡು, ಅದು ನಿಂದು. ಆದ್ರೆ ನನ್ ಮೂಗು ನಂದಲ್ವೇನಮ್ಮ? ಅದನ್ನ ಮಾತ್ರ ಊರೋರ್ಗೆಲ್ಲ ತೋರ್ಸಿದೆ. ನಿನ್ ಕೈಯಾಗಿದ್ದ ಎಲೆ ನಂಗೂ ತೋರ್ಸಲಿಲ್ಲ."

ನೋಡುವುದು ನನ್ನ ಸ್ವಭಾವ ಎಂದುಕೊಂಡಿದ್ದೆ. ನೋಡಿಸಿಕೊಂಡವರು ಏನೆನ್ನುತ್ತಾರೆ ಎಂದು ಯೋಚಿಸಿಯೇ ಇರಲಿಲ್ಲ.

"ತಪ್ಪಾಯ್ತು ಅತ್ತೆ. ಹೆದ್ರಿಕಂಡು ಮುಚ್ಚಿಟ್ಟೆ."

"ಹ್ಞಾ, ಈಗ ನಿಜ ಹೇಳ್ದೆ."

"ಹೆಂಗ್ ಗೊತ್ತಾಯ್ತು?"

"ಅಯ್ಯೋ ಪೆದ್ದಿ! ನಿಂದೂ ಒಂದ್ ಮೂಗುಬೊಟ್ ಐತೆ ಕಣಮ್ಮ. ನಿಜ ಹೇಳುವಾಗ 'ಮಾಡ್ತೀನಿ, ಬತ್ತೀನಿ' ಅಂತೀಯ. ಮುಚ್ಚಿಡುವಾಗ ಬಾಯ್ ತುಂಬ ಪುಸ್ತಕ. ಕಾಲಾವಕಾಸ! ಅಲ್ಪಸ್ವಲ್ಪ! ಮೂರ್ ವರ್ಷದಿಂದ ಕೇಳಿಸ್ಕಂತಾ ಇವ್ನಿ."

ನಗು ತಡೆಯಲಾಗಲಿಲ್ಲ. ಅತ್ತೆ ಮಾತ್ರ ನಗಲಿಲ್ಲ. "ಈಗ ಪ್ರಶ್ನೆ" ಎಂದರು. "ಆದ್ರೆ ಉತ್ರ ನಂಗ್ ಬ್ಯಾಡ, ನಂಗೆ ಗೊತ್ತು. ನಿನ್ ಕೆಲ್ಸ ಏನು ಅಂತ ನಿಮ್ಮಾವಂಗೆ ಹೇಳು. ಪುಸ್ತಕದಾಗಲ್ಲ, ನಮ್ ಮಾತ್ನಾಗೆ."

ಮಾವ ಐದು ಗಂಟೆಗೆ ಬಂದರು. ಕಾಲು ತೊಳೆದು, ಮಂಚದ ಮೇಲೆ ಕುಳಿತು, ನಾನು ಕೊಟ್ಟ ಮಜ್ಜಿಗೆಯ ಲೋಟ ಹಿಡಿದುಕೊಂಡರು. "ಏಂಟಮ್ಮಾ, ಕಾರ್ಡು ಎಲ್ಲೀಗ್ ಬಂತು?" ಎಂದರು.

ಅವರು ಕುಡಿಯುವ ಮೊದಲೇ ಹೇಳಬೇಕು ಅನ್ನಿಸಿತು.

"ಮಾವಾ, ನಂದು ಸೀರೆ ಕಾರ್ಡಲ್ಲ. ಕಂಪ್ಯೂಟ್ರಾಗೆ ಇಸ್ಪೀಟ್ ಆಡ್ತೀನಿ. ದುಡ್ಡಿಗೇ ಆಡ್ತೀನಿ. ಅದೇ ನನ್ ಕೆಲ್ಸ."

ಲೋಟ ಬಾಯಿಯ ಹತ್ತಿರ ನಿಂತಿತು. ಹೊರಗಿನಿಂದ ಬಂದ ಓಬುಳೇಶ್ ಬಾಗಿಲಲ್ಲೇ ನಿಂತರು. ರಮ್ಯಾ ಮಾತ್ರ, "ತಾತಾ, ಅಮ್ಮ ಚೆನ್ನಾಗ್ ಆಡ್ತಾಳೆ" ಎಂದಳು.

"ಪೇಕಾಟ" ಎಂದರು ಮಾವ, ತಮ್ಮಷ್ಟಕ್ಕೆ. ಬಹಳ ಹೊತ್ತು ಲೋಟದೊಳಗೆ ನೋಡಿದರು. "ಸೋಲ್ತೀಯಾ?"

"ಸೋಲ್ತೀನಿ ಮಾವ. ಅದ್ಕೇ ಬಿಟ್ಬುಡಾದೇ ಜಾಸ್ತಿ. ಹತ್ತು ಸಲ ಎಲೆ ಬಂದ್ರೆ ಎಂಟು ಸಲ ಬಿಸಾಕ್ತೀನಿ."

"ಎಂಟು?"

"ಒಂದೊಂದ್ ದಿನ ಒಂಬತ್ತು."

ಮಾವ ಅತ್ತೆಯ ಕಡೆ ನೋಡಿದರು. ಅತ್ತೆಯ ಎರಡೂ ಕೈ ಮಡಿಲಲ್ಲೇ ಇದ್ದವು.

"ನಾನ್ ನೇಯುವಾಗ," ಎಂದರು ಮಾವ ನಿಧಾನವಾಗಿ, "ಎಳೆ ಕಡಿದ್ರೂ ಮಗ್ಗ ನಿಲ್ಸದೆ ಹಂಗೇ ಹೊಡ್ಕಂಡ್ ಹೋಗೋರು ಇದ್ರು. ಅವ್ರ ಸೀರೆ ಯಾವನೂ ಮುಟ್ತಿರಲಿಲ್ಲ. ನೀನು ನಿಲ್ಸೋಳು ಅಂತೀಯ." ಲೋಟವನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿದರು. "ನಂಗಿದು ಹಿಡಿಸ್ಲಿಲ್ಲ, ಹೇಳ್ಬುಟ್ಟೆ. ಒಂದ್ ದಿನ ನೀ ಬಿಸಾಕೋದು ಐದಕ್ಕೆ ಇಳೀತು ಅಂತ ಕೇಳ್ದೆ ಅಂದ್ರೆ, ಕಂಪ್ಯೂಟ್ರು ನಾನೇ ಹೊತ್ಕಂಡ್ ಬತ್ತೀನಿ."

"ಆಗ್ಲಿ ಮಾವ."

"ಸರ್ಲೇ" ಎಂದು ಒಪ್ಪಿ ಮಜ್ಜಿಗೆ ಕುಡಿದರು. ಲೋಟ ಕೆಳಗಿಟ್ಟ ಮೇಲೆ ಇದ್ದಕ್ಕಿದ್ದಂತೆ ಅವರ ಮುಖ ಬಾಡಿತು. "ಅಲ್ಲಾ, ಸೀರೆ ಕಾರ್ಡು ನನ್ ಸೊಸೇದು ಅಂತ ಊರ್ಗೆಲ್ಲ ಹೇಳ್ಬುಟ್ಟಿದೀನಲ್ಲಮ್ಮಾ! ಈಗ ನನ್ ಮರ್ವಾದೆ?"

ಮಾವನ ಮರ್ಯಾದೆ ಉಳಿಸಲು ನಾನು ಮೂರು ವಾರ ಬೆಳಗಿನ ಆಟ ನಿಲ್ಲಿಸಿದೆ. ಹಿಂದೂಪುರದಲ್ಲಿ ಡಿಸೈನ್ ಮಾಡುವ ದ್ರಾಕ್ಷಾಯಣಮ್ಮನವರ ಪಕ್ಕ ಕುಳಿತು, ಚೌಕದ ಮೇಲೆ ಚೌಕ ತುಂಬುವುದನ್ನು ಕಲಿತೆ. ಅಂಚಿನ ಬಳ್ಳಿ ಅವರದು. ಒಡಲಿನ ಬುಟ್ಟಾ ಮಾತ್ರ ನನ್ನದು: ಮೂರು ದುಂಡು ದಳ, ಕೆಳಗೊಂದು ಪುಟ್ಟ ತೊಟ್ಟು. ಬ್ಲಾಗಿನಿಂದ ಮೂಗುಬೊಟ್ಟಿನ ಪುಟವನ್ನು ತೆಗೆದುಹಾಕಿ, ಆ ಗುರುವಾರ ಓದುಗರಿಗೆ ಬರೆದೆ: ಅನುಮತಿ ಕೇಳದೆ ಒಬ್ಬರ ಮುಖದ ಬಗ್ಗೆ ಬರೆದಿದ್ದೆ, ತಪ್ಪು. ಅಲ್ಲದೆ ಆ ಗುರುತು ಈಗ ಕೆಲಸಕ್ಕೆ ಬರುವುದಿಲ್ಲ. ಇನ್ನೊಂದು, ನಾನು ಸಾರ್ ಅಲ್ಲ.

ಮದುವೆಯ ದಿನ ಧಾರೆ ಮುಗಿದ ಮೇಲೆ ಹೆಂಗಸರೆಲ್ಲ ತನುಜಾಳನ್ನು ಸುತ್ತುವರಿದು ಸೀರೆ ಮುಟ್ಟಿ ಮುಟ್ಟಿ ನೋಡಿದರು. ಮಾವ ಕಂಬಕ್ಕೆ ಒರಗಿ ನಿಂತು, ಯಾರೂ ಕೇಳದಿದ್ದರೂ, "ನಮ್ ಸೊಸೇದೇ ಕಾರ್ಡು" ಎನ್ನುತ್ತಿದ್ದರು. ಚಿನ್ನಕ್ಕ ಎಂಬ ಸಂಬಂಧಿಕರೊಬ್ಬರು ಬುಟ್ಟಾವನ್ನು ಕಣ್ಣಿನ ಹತ್ತಿರ ಹಿಡಿದರು.

"ಇದ್ಯಾವ್ ಹೂವೇ ಬನಶಂಕ್ರಿ? ನಾನೆಲ್ಲೂ ಕಂಡಿಲ್ಲ."

ಅದು ಕಳಾವರ. ಇಸ್ಪೀಟಿನ ಕಳಾವರ.

ಅತ್ತೆ ಮುಖ ಅಲುಗಿಸಲಿಲ್ಲ. ಬಲಗೈ ಬೆರಳು ಮಾತ್ರ ಮೆಲ್ಲನೆ ಮೇಲೆದ್ದು ಮೂಗುಬೊಟ್ಟನ್ನು ಮುಟ್ಟಿತು.

"ಹುಣಸೆ ಹೂವು ಕಣಕ್ಕ" ಎಂದರು.