ಎತ್ತಿ ಹಿಡಿದ ಬಾಗಿಲು

ಡ್ರೈವರ್ ಒಳಗೆ, ಬೀಗದ ಕೈ ಒಳಗೆ, ಬಸ್ಸು ಮಾತ್ರ ಡಿಪೋದಲ್ಲಿ. ಬೆಳಗಿನ ಆರಕ್ಕೆ ಇನ್ನು ಹತ್ತೇ ನಿಮಿಷ.

"ಬೀಗದ ಕೈ ತಿರುಗುತ್ತೇನ್ರೀ?" ಹೆಂಡತಿ ಬಾಗಿಲಿಗೆ ಕಿವಿಯಿಟ್ಟು ಕೇಳಿದಳು.

"ಅರ್ಧ ತಿರುಗಿ ಮೊಂಡು ಹಿಡಿದು ನಿಲ್ಲುತ್ತೆ ಕಣೇ. ನಿನ್ನೆ ರಾತ್ರಿ ಹಾಕುವಾಗ್ಲೇ ಬಿಗಿ ಇತ್ತು, ಭುಜ ಕೊಟ್ಟು ಹಾಕ್ದೆ."

ಬೆಳಗಿನ ಡ್ಯೂಟಿ ಇದ್ದಾಗ ಅವನು ಹಿಂದಿನ ಸಣ್ಣ ಕೋಣೆಯಲ್ಲಿ ಒಬ್ಬನೇ, ಬೀಗ ಹಾಕಿಕೊಂಡು ಬೇಗ ಮಲಗುವುದು ರೂಢಿ. ಇಲ್ಲದಿದ್ದರೆ ಅವನ ತಾಯಿ ಗಂಟೆಗೊಮ್ಮೆ ಬಂದು, "ಮಗಾ, ನಿದ್ದೆ ಬಂತಾ?" ಎಂದು ಎಬ್ಬಿಸಿ ಕೇಳುತ್ತಿದ್ದಳು. ಕೋಣೆಗೆ ಇರುವುದು ಒಂದು ಕಿಟಕಿ, ಅದಕ್ಕೂ ಕಬ್ಬಿಣದ ಸರಳು.

ಈ ತಿಂಗಳು ಆಗಲೇ ಎರಡು ಸಲ ತಡವಾಗಿತ್ತು. ಒಮ್ಮೆ ಹಲ್ಲುನೋವು, ಒಮ್ಮೆ ಸೈಕಲ್ ಪಂಕ್ಚರ್. ಮೂರನೆಯ ಸಲವಾದರೆ ಆಸ್ಪತ್ರೆ ಮಾರ್ಗದ ಬಸ್ಸು ಬೇರೆಯವನ ಕೈಗೆ ಎಂದು ಡಿಪೋ ಮೇಲ್ವಿಚಾರಕ ಮುಖಕ್ಕೆ ಹೊಡೆದಂತೆ ಹೇಳಿದ್ದ. ಏಳು ವರ್ಷ ಕಾದು ಪಡೆದ ಮಾರ್ಗ ಅದು. ಬೆಳಗಿನ ಪಾಳಿಯ ನರ್ಸುಗಳು ತನ್ನ ಬಸ್ಸು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಾರೆ ಎಂದು ಅವನಿಗೊಂದು ಜಂಬ. ಆರೂವರೆಗೆ ಡಿಪೋದಲ್ಲಿ ಸಹಿ ಬೀಳಬೇಕು. ಸೈಕಲ್ಲಿನಲ್ಲಿ ಹದಿನೈದು ನಿಮಿಷದ ದಾರಿ.

ಗದ್ದಲ ಕೇಳಿ ಪಕ್ಕದ ಮನೆಯ ಪೈಲ್ವಾನ ಹಾರೆ ಹಿಡಿದೇ ಬಂದ. ಕುಸ್ತಿ ಆಡಿದವನೇನಲ್ಲ, ಒಂದು ಸಲ ಫ್ರಿಜ್ಜನ್ನು ಒಬ್ಬನೇ ಮಹಡಿಗೆ ಹೊತ್ತದ್ದಕ್ಕೆ ಅಂಟಿಕೊಂಡ ಹೆಸರು.

"ಸರಿಯಿರಿ ಅಕ್ಕಾ, ಒಂದೇ ಏಟು."

"ಬಾಗಿಲ ಹಿಂದೆ ನಿಂತಿರೋದು ನನ್ನ ಗಂಡ ಕಣಪ್ಪ. ಹಾರೆ ಕೆಳಗಿಡು, ನಿನ್ನ ಕೈಗೆ ಆಮೇಲೆ ಕೆಲಸ ಕೊಡ್ತೀನಿ."

ಅವಳು ಹದಿನೆಂಟು ವರ್ಷದಿಂದ ಹೊಲಿಗೆ ಮಿಷನ್ ರಿಪೇರಿ ಮಾಡುತ್ತ ಬಂದವಳು. ಸಿಕ್ಕಿಕೊಂಡ ಮಿಷನ್ನಿಗೆ ಜೋರು ಮಾಡಿ ಸೂಜಿ ಮುರಿದುಕೊಂಡು ಬಂದವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದಳು. ಗಂಡನಿಗೆ ಬೀಗದ ಕೈ ಹೊರತೆಗೆಯಲು ಹೇಳಿ, ಮಿಷನ್ ಎಣ್ಣೆಯ ಉದ್ದ ಮೂತಿಯ ಡಬ್ಬಿಯಿಂದ ತೂತಿಗೆ ಎರಡು ಹನಿ ಬಿಟ್ಟಳು.

"ಈಗ?"

"ಬೆಣ್ಣೆ ಥರ ತಿರುಗುತ್ತೆ. ಅದೇ ಅರ್ಧಕ್ಕೆ ಬಂದು ನಿಲ್ಲುತ್ತೆ."

"ಹಾಗಾದ್ರೆ ಬೀಗದ ಹೊಟ್ಟೆ ನೆಟ್ಟಗಿದೆ. ಅದರ ನಾಲಗೆಗೆ ಹೊರಗೆಲ್ಲೋ ಅಡ್ಡ ಬಂದಿದೆ."

ಅತ್ತೆ ಒಂದು ಲೋಟವನ್ನು ಸೆರಗಿನಲ್ಲಿ ಒರೆಸುತ್ತ ನಿಂತಿದ್ದಳು. ಒರೆಸುತ್ತಲೇ ಇದ್ದಳು. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ನೂರು ಸಲಹೆ ಕೊಟ್ಟಿರುತ್ತಿದ್ದ ಬಾಯಿ ಇವತ್ತು ಹೊಲಿದ ಹಾಗಿತ್ತು.

ಬೀಗವನ್ನೇ ಬಿಚ್ಚಿಸೋಣವೆಂದು ಸೊಸೆ ಮಿಷನ್ ಜೊತೆ ಬರುವ ಚಪ್ಪಟೆ ತಗಡಿನ ಸ್ಕ್ರೂಡ್ರೈವರನ್ನು ಬಾಗಿಲ ಕೆಳಗಿನಿಂದ ತಳ್ಳಿದಳು. ಅದು ಸರ್ರೆಂದು ಒಳಗೆ ಹೋಯಿತು.

"ಬಂತು ಬಂತು, ಯಾವ ಸ್ಕ್ರೂ ಬಿಚ್ಚಲಿ?"

ಅವಳು ನೆಲದ ಮೇಲೇ ಕೂತು ಬಾಗಿಲ ಕೆಳಗಿನ ಸಂದಿ ನೋಡಿದಳು. ಹೋದ ವಾರವಷ್ಟೇ ಅವನ ಡ್ಯೂಟಿ ಚೀಟಿಯನ್ನು ಇದೇ ಸಂದಿಯಲ್ಲಿ ತೂರಿಸಲು ಹೋದಾಗ ಅದು ಹರಿದಿತ್ತು. ಕಾಗದ ತೂರದ ಕಡೆ ತಗಡು ತೂರಿತೆ?

"ರೀ, ಅದನ್ನ ಬಿಡಿ. ಬಾಗಿಲ ಮೇಲಿನ ಕೀಲು ನೋಡಿ."

"ಅಯ್ಯೋ, ಹೊಸ ಸ್ಕ್ರೂ ಕಣೇ! ಮಿರಿಮಿರಿ ಮಿಂಚ್ತಿದೆ. ಯಾರು ಹಾಕಿದ್ದು?"

ಲೋಟ ಒರೆಸುವುದು ನಿಂತಿತು.

"ನಿನ್ನೆ ಮಧ್ಯಾಹ್ನ ಬಡಗಿ ಬೀದೀಲಿ ಹೋಗ್ತಿದ್ದ, ಕರೆದೆ," ಎಂದಳು ಅತ್ತೆ. "ಮನೇಲಿ ಏನು ಕೆಟ್ರೂ ನೀನೇ ಬಗ್ಗಿ ಕೂರ್ತೀಯಲ್ಲ, ಒಂದಾದ್ರೂ ನಾನು ಮಾಡ್ಸಿಡೋಣ ಅಂತ. ಈಗ ಹೇಳಿದ್ರೆ ಎಲ್ಲ ನನ್ನಿಂದ್ಲೇ ಆಯ್ತು ಅಂತೀರಲ್ಲ, ಅದಕ್ಕೇ ಬಾಯಿಬಿಡ್ಲಿಲ್ಲ."

"ಅಮ್ಮಾ!" ಎಂದಿತು ಬಾಗಿಲು.

"ನೀವು ಸುಮ್ನಿರ್ರೀ. ಈಗ ಬಾಗಿಲು ತೆಗೀತೀವಿ," ಎಂದಳು ಸೊಸೆ. ಅವಳ ದನಿಯಲ್ಲಿ ಅನುಮಾನವೇ ಉಳಿದಿರಲಿಲ್ಲ.

ಆ ಬಾಗಿಲು ಜೋತು ಬಿದ್ದು ಎಂಟು ವರ್ಷ. ನಾಲಗೆ ಹೋಗಿ ಕೂರುವ ಚೌಕಟ್ಟಿನ ತಗಡನ್ನು ಅವಳೇ ಎರಡು ಸಲ ಕೆಳಗಿಳಿಸಿದ್ದಳು. ಬಾಗಿಲು ಅದಕ್ಕಿಂತ ಕೆಳಗಿಳಿದಿತ್ತು. ಕೊನೆಗೆ ಹಿಡಿಯನ್ನು ಮೇಲೆತ್ತಿ ಬೀಗ ತಿರುಗಿಸುವುದು ಮನೆಯವರಿಗೆಲ್ಲ ಉಸಿರಾಡಿದಷ್ಟು ಸಲೀಸಾಯಿತು. ಈಗ ಬಡಗಿ ಬಾಗಿಲನ್ನು ಮೇಲೇರಿಸಿದ್ದ, ತಗಡಿನ ತೂತು ಕೆಳಗೇ ಉಳಿದಿತ್ತು. ನಾಲಗೆ ತೂತಿನ ಮೇಲಂಚಿಗೆ ಕಚ್ಚಿಕೊಂಡಿತ್ತು.

"ಈಗ ಹಿಡಿ ಎತ್ತಿಕೊಂಡೇ ತಿರುಗಿಸ್ತಿದ್ದೀರಾ?"

"ಎತ್ತದೆ ಇನ್ನೇನು?"

"ಎತ್ತಿದಷ್ಟೂ ಅದು ಕಚ್ಚುತ್ತೆ. ಮೈಭಾರವೆಲ್ಲ ಹಿಡಿ ಮೇಲೆ ಬಿಟ್ಟು ಕೆಳಗೆ ಒತ್ತಿ."

"ಮದುವೆ ಆದಾಗಿಂದ ತೂಕ ಇಳಿಸಿ ತೂಕ ಇಳಿಸಿ ಅಂತ ಪ್ರಾಣ ತಿಂದವಳು ನೀನೇ ತಾನೆ?"

"ಇವತ್ತು ಮಾಫಿ. ಪೈಲ್ವಾನ್, ಈ ಕಡೆ ಹಿಡಿ ನಿಂದು. ಕೆಳಕ್ಕೆ ಒತ್ತು."

ಒತ್ತಿದರು. ಕೀಲು ಕಿರ್ರೆಂದಿತು, ನಾಲಗೆ ಅಲುಗಲಿಲ್ಲ. ಅವಳು ಆ ಸದ್ದನ್ನು ಕೇಳಿ ತಲೆಯಾಡಿಸಿದಳು.

"ನಿಮ್ಮ ಬಲಗೈ ತಿರುಗಿಸೋ ಹೊತ್ತಿಗೆ ತಾನಾಗಿ ಎತ್ತುತ್ತಿದೆ. ಬಲಗೈಲಿ ಹಿಡಿ ಒತ್ತಿ, ಎಡಗೈಲಿ ಬೀಗದ ಕೈ ತಿರುಗಿಸಿ. ಎಡಗೈಗೆ ಆ ಚಾಳಿ ಇಲ್ಲ."

"ನನ್ನ ಕೈ ಬುದ್ಧಿ ನನಗಿಂತ ನಿನಗೇ ಗೊತ್ತು," ಎಂದು ಗೊಣಗಿದವನು ಕೈ ಬದಲಿಸಿ, ಒತ್ತಿ ತಿರುಗಿಸಿದ. ಟಕ್!

ಬಾಗಿಲು ತೆರೆದಾಗ ಆರು ಗಂಟೆ ಹನ್ನೆರಡು ನಿಮಿಷ. ಖಾಕಿ ಅಂಗಿಯ ಗುಂಡಿ ಹಾಕಿ ಸಿದ್ಧನಾಗಿದ್ದವನು ಹೆಂಡತಿಯ ತಲೆ ಮೇಲೊಂದು ಮೊಟಕಿ, ತಾಯಿ ನೀಡಿದ ಚಹಾವನ್ನು ನಿಂತೇ ಸುರಿದುಕೊಂಡು ಸೈಕಲ್ ಹತ್ತಿದ.

ಸೊಸೆ ಚೌಕಟ್ಟಿನ ತಗಡು ಬಿಚ್ಚಿ, ಅರ ತಂದು ತೂತಿನ ಮೇಲಂಚನ್ನು ಉಜ್ಜತೊಡಗಿದಳು. ಅತ್ತೆ ಬಾಗಿಲನ್ನು ಅಲುಗದಂತೆ ಹಿಡಿದು ನಿಂತಳು.

"ನಿನ್ನ ಕೇಳದೆ ಮಾಡಿಸ್ದೆ ಅಂತ ಬೇಜಾರೇನೇ?"

"ಬಡಗಿ ಸರಿಯಾಗೇ ಮಾಡಿದ್ದಾನೆ ಅತ್ತೆ. ನಾನು ಎರಡು ಸಲ ತೂತು ಇಳಿಸಿದೆನೇ ಹೊರತು ಬಾಗಿಲು ಏರಿಸೋದು ನನ್ನ ತಲೆಗೆ ಹೊಳೀಲೇ ಇಲ್ಲ. ನೋಡಿದ್ದು ನೀವು."

ಅತ್ತೆಯ ಬೆನ್ನು ಒಂದಿಷ್ಟು ನೆಟ್ಟಗಾಯಿತು.

ಏಳಕ್ಕೆ ಕಾಲು ಗಂಟೆ ಇರುವಾಗ ಬೀದಿಯ ತುದಿಯಿಂದ ಬಸ್ಸಿನ ಹಾರ್ನ್ ಎರಡು ಸಲ ಕೂಗಿತು. ಅರ ಒಂದು ಗಳಿಗೆ ನಿಂತು ಮತ್ತೆ ಓಡಿತು.

"ನಮ್ಮೋನೇ," ಎಂದಳು ಅತ್ತೆ. ತಗಡು ಕೂತ ಮೇಲೆ ಬೀಗ ಪರೀಕ್ಷೆ ಮಾಡಲು ಅವಳೇ ಮುಂದಾಗಿ ಹಿಡಿಗೆ ಕೈ ಹಾಕಿದಳು, ಹಾಕಿದ್ದೇ ಮೇಲಕ್ಕೆತ್ತಿದಳು.

"ಅತ್ತೆ..."

"ಗೊತ್ತು ಗೊತ್ತು," ಎಂದು ನಗುತ್ತ ಅವಳು ಕೈ ಬದಲಾಯಿಸಿದಳು.